ಲೆಕ್ಕದಲ್ಲಿ ಸತ್ತ ಸಿಪಿಯು

ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಕಾನೂನೇ ಆಯುಸ್ಸು ಬರೆದಿಟ್ಟಿದೆ: ಮೂರು ವರ್ಷ. 2013ರ ಕಂಪನಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಸರ್ವರ್ ಮತ್ತು ನೆಟ್‌ವರ್ಕ್ ಸಾಮಗ್ರಿಗೆ ಆರು ವರ್ಷ, ನೌಕರರು ಕೂತು ಕೆಲಸ ಮಾಡುವ ಡೆಸ್ಕ್‌ಟಾಪ್, ಲ್ಯಾಪ್‌ಟಾಪ್‌ಗಳಿಗೆ ಮೂರು ವರ್ಷ ಎಂದಿದೆ. ಅಷ್ಟು ಕಳೆದ ಮೇಲೆ ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ಕೊಂಡದ್ದರ ಶೇ 5ರಷ್ಟು ಉಳಿದರೆ ಹೆಚ್ಚು. ಆದಾಯ ತೆರಿಗೆಯವರ ಲೆಕ್ಕ ಇನ್ನೊಂದು ಬಗೆಯದು. ಅಲ್ಲಿ ವರ್ಷಕ್ಕೆ ಶೇ 40 ಸವಕಳಿ. 2017ರ ಏಪ್ರಿಲ್‌ಗೆ ಮುಂಚೆ ಶೇ 60 ಇತ್ತು. ಹೀಗೆ ಪುಸ್ತಕದಲ್ಲಿ ಸತ್ತ ಯಂತ್ರ ಮೇಜಿನ ಮೇಲೆ ಇನ್ನೂ ಗಟ್ಟಿಮುಟ್ಟಾಗಿ ಕೆಲಸ ಮಾಡುತ್ತಿರುತ್ತದೆ. ಬೆಂಗಳೂರಿನ ಹಳೆ ಕಂಪ್ಯೂಟರ್ ವ್ಯಾಪಾರ ನಿಂತಿರುವುದು ಈ ಎರಡು ಆಯುಸ್ಸುಗಳ ನಡುವಿನ ಅಂತರದ ಮೇಲೆ.

ವೈಟ್‌ಫೀಲ್ಡ್‌ನ ಐಟಿಪಿಎಲ್, ಇಪಿಐಪಿ ವಲಯ, ಇತ್ತ ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳಲ್ಲಿ ಸಾಲಾಗಿ ಕೂತ ಕಪ್ಪು ಪೆಟ್ಟಿಗೆಗಳು ಹೊರಬೀಳುವುದು ಕೆಟ್ಟುಹೋದ ಕಾರಣಕ್ಕಲ್ಲ. ಬಹಳಷ್ಟು ಕಂಪನಿಗಳು ಅವನ್ನು ಕೊಳ್ಳುವುದೂ ಇಲ್ಲ. ಮೂರೋ ನಾಲ್ಕೋ ವರ್ಷದ ಲೀಸ್‌ಗೆ ತರುತ್ತವೆ. ಲೀಸ್ ಮುಗಿದ ತಿಂಗಳು ಹೊಸ ಲಾಟ್ ಒಳಗೆ, ಹಳೆ ಲಾಟ್ ಲಾರಿಗೆ. ಅಷ್ಟೂ ದಿನ ಅವು ಎಸಿಯ ತಂಪಿನಲ್ಲಿ, ಯುಪಿಎಸ್‌ನ ಸ್ಥಿರ ವಿದ್ಯುತ್ತಿನಲ್ಲಿ, ಸರಿಯಾದ ಅರ್ಥಿಂಗ್‌ನಲ್ಲಿ ಬದುಕಿರುತ್ತವೆ. ಮಾಡಿದ ಕೆಲಸವೋ, ಹೆಚ್ಚೆಂದರೆ ಮೇಲ್, ಎಕ್ಸೆಲ್, ಬ್ರೌಸರಿನಲ್ಲಿ ಒಂದು ಟಿಕೆಟ್ ವ್ಯವಸ್ಥೆ. ಹಳೆ ಕಾರಿನ ಜಾಹೀರಾತಿನಲ್ಲಿ ‘ಸಿಂಗಲ್ ಓನರ್, ಡಾಕ್ಟರ್ ಓಡಿಸಿದ್ದು’ ಎಂದು ಬರೆಯುತ್ತಾರಲ್ಲ, ಆ ಮಾತು ಕಾರಿಗಿಂತ ಈ ಪೆಟ್ಟಿಗೆಗಳಿಗೆ ಹೆಚ್ಚು ಒಪ್ಪುತ್ತದೆ.

ಮಧ್ಯೆ 2020 ಬಂತು. ಲಾಕ್‌ಡೌನ್ ಶುರುವಾದಾಗ ಕ್ಯಾಬ್‌ಗಳಲ್ಲಿ ಮಾನಿಟರ್ ಸಮೇತ ಡೆಸ್ಕ್‌ಟಾಪ್‌ಗಳನ್ನು ನೌಕರರ ಮನೆಗೆ ತಲುಪಿಸಿದ ಕಂಪನಿಗಳಿದ್ದವು. ಹಾಗೆ ಹೋದವುಗಳ ಇತಿಹಾಸ ಅಷ್ಟು ಶುದ್ಧವಲ್ಲ: ಅಡುಗೆಮನೆಯ ಎಣ್ಣೆ ಜಿಡ್ಡು, ಅರ್ಥಿಂಗ್ ಇಲ್ಲದ ಬಾಡಿಗೆ ಮನೆಯ ಪ್ಲಗ್ಗು, ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡ ನಾಯಿಯ ಕೂದಲು. ಆಮೇಲೆ ಕಂಪನಿಗಳು ಲ್ಯಾಪ್‌ಟಾಪಿನತ್ತ ವಾಲಿದವು. ಹಾಗಾಗಿ ಮಾರುಕಟ್ಟೆಯಲ್ಲಿ ಈಗ ಕಾಣುವ ‘ಕಂಪನಿ ಮಾಲ್’ನಲ್ಲಿ 2016ರಿಂದ 2020ರ ನಡುವೆ ತಯಾರಾದ ಪೆಟ್ಟಿಗೆಗಳೇ ಜಾಸ್ತಿ. ಅದೇನೂ ಕೆಟ್ಟ ಕಾಲವಲ್ಲ. ಆದರೆ ಆ ಐದು ವರ್ಷಗಳ ನಡುವೆ ಒಂದು ಗೆರೆ ಬಿದ್ದಿದೆ. ಅದು ಮೈಕ್ರೊಸಾಫ್ಟ್ ಎಳೆದ ಗೆರೆ.

2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ತಲೆಮಾರಿನ ಅಥವಾ ಅದಕ್ಕೂ ಹೊಸ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಏಳನೇ ತಲೆಮಾರಿನವಕ್ಕೆ ಒಂದೆರಡು ವಿನಾಯಿತಿ ಬಿಟ್ಟರೆ ಬಾಗಿಲು ಮುಚ್ಚಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು; ಮನೆಬಳಕೆಯವರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ, ಅಷ್ಟೇ. ಚೆನ್ನಾಗಿ ಓಡುತ್ತಿದ್ದ ಆರು, ಏಳನೇ ತಲೆಮಾರಿನ ಲಕ್ಷಾಂತರ ಯಂತ್ರಗಳು ಒಂದೇ ತಾರೀಕಿಗೆ ‘ಹಳತು’ ಆಗಿಹೋದವು. ಲೆಕ್ಕಪತ್ರದ ಸಾವು ಒಂದು, ಲೀಸಿನ ಸಾವು ಎರಡು, ಇದು ಮೂರನೆಯದು. ಮೂರರಲ್ಲಿ ಯಾವುದೂ ಯಂತ್ರ ತಾನಾಗಿ ಸತ್ತದ್ದಲ್ಲ. ಹಳೆ ಆಫೀಸ್ ಕಂಪ್ಯೂಟರ್ ಕೊಳ್ಳಲು ಹೊರಟವರು ಮೊದಲು ಕೇಳಿಕೊಳ್ಳಬೇಕಾದ್ದು ಇದು ಎಷ್ಟು ವರ್ಷದ್ದು ಎಂದಲ್ಲ, ಇದನ್ನು ಯಾರು ಹಳತು ಮಾಡಿದರು ಎಂದು. ಲೀಸ್‌ನವರು ಮಾಡಿದ್ದರೆ ನಮಗೆ ಲಾಭ. ಮೈಕ್ರೊಸಾಫ್ಟ್ ಮಾಡಿದ್ದರೆ ಅರ್ಧ ಲಾಭ. ವಿದ್ಯುತ್ತೋ ನೀರೋ ಮಾಡಿದ್ದರೆ ಮಾತ್ರ ದೂರ ಇರಬೇಕು.

ಎಸ್.ಪಿ. ರಸ್ತೆಯ ಭಾಷೆ

ಹೀಗೆ ಹಳತಾದ ಪೆಟ್ಟಿಗೆಗಳು ಬಂದು ಸೇರುವ, ಟೌನ್‌ಹಾಲ್‌ನಿಂದ ನಡೆದು ಹೋಗುವಷ್ಟು ದೂರದ ಎಸ್.ಪಿ. ರಸ್ತೆಗೆ ಈಗ ಮೂರೂ ದಿಕ್ಕಿನಿಂದ ಮೆಟ್ರೊ ದಾರಿ ಇದೆ. ಪೀಣ್ಯದವರು ಹಸಿರು ಮಾರ್ಗದಲ್ಲಿ ನೇರ ಚಿಕ್ಕಪೇಟೆಗೆ ಬಂದಿಳಿಯಬಹುದು. ವೈಟ್‌ಫೀಲ್ಡ್‌ನವರು ನೇರಳೆಯಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಬದಲಿಸಬೇಕು. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಯವರಿಗೂ ಸಿಲ್ಕ್ ಬೋರ್ಡ್ ಸಿಗ್ನಲ್‌ನ ಹಂಗು ತಪ್ಪಿದೆ. ಎಲೆಕ್ಟ್ರಾನಿಕ್ ಸಿಟಿಯಿಂದ ಲಾರಿಯಲ್ಲಿ ಹೊರಟ ಪೆಟ್ಟಿಗೆಯನ್ನೇ ಎಲೆಕ್ಟ್ರಾನಿಕ್ ಸಿಟಿಯ ಪಿಜಿ ಹುಡುಗ ಎಸ್.ಪಿ. ರಸ್ತೆಗೆ ಬಂದು ಕೊಂಡೊಯ್ಯುವುದೂ ಉಂಟು. ಮಧ್ಯೆ ಅದು ಹರಾಜು ಹಿಡಿದವನಿಂದ ಗೋಡೌನ್, ಗೋಡೌನಿಂದ ಅಂಗಡಿ ಅಂತ ಎರಡು ಮೂರು ಕೈ ದಾಟಿರುತ್ತದೆ. ಪ್ರತಿ ಕೈಯಲ್ಲೂ ಏನಾದರೂ ಒಂದು ಕಳಚಿಕೊಂಡಿರುತ್ತದೆ ಎಂಬುದು ನೆನಪಿರಲಿ.

ಅಂಗಡಿಯವರು ಕೇಳುವ ಮೊದಲ ಪ್ರಶ್ನೆ: “ಐ ತ್ರೀನಾ, ಐ ಫೈವಾ, ಐ ಸೆವೆನ್ನಾ ಸಾರ್?” ಈ ಪ್ರಶ್ನೆಗೆ ಉತ್ತರ ಕೊಡಲು ಹೋದರೆ ಕೆಟ್ಟಿರಿ. ಐ7 ಎಂಬ ನೀಲಿ ಸ್ಟಿಕರ್ ನೋಡಿ ಮರುಳಾಗುವವರಿಗೆಂದೇ 2011ರ ಐ7-2600 ಪೆಟ್ಟಿಗೆಗಳು ಇನ್ನೂ ಅಟ್ಟದಲ್ಲಿ ಕೂತಿವೆ. ಸಾಮಾನ್ಯ ಕೆಲಸಕ್ಕೆ 2017ರ ಬಡ ಐ3-8100 ಅದನ್ನು ಮೀರಿಸುತ್ತದೆ, ಕರೆಂಟನ್ನೂ ಕಡಿಮೆ ಕುಡಿಯುತ್ತದೆ. ನೋಡಬೇಕಾದ್ದು ಅಡ್ಡಗೆರೆಯ ಆಚೆಗಿನ ಅಂಕಿ. 6500 ಅಂದರೆ ಆರನೇ ತಲೆಮಾರು, 7500 ಏಳು, 8500 ಎಂಟು, 10500 ಹತ್ತು. ಡೆಸ್ಕ್‌ಟಾಪ್ ಐ5ಗಳಲ್ಲಿ ಎಂಟನೇ ತಲೆಮಾರಿನಿಂದ ಆರು ಕೋರ್‌ಗಳು ಶುರು. ಅದಕ್ಕೂ ಹಿಂದಿನವುಗಳಲ್ಲಿ ಹೆಚ್ಚೆಂದರೆ ನಾಲ್ಕು. ಹಾಗಾಗಿ ಎಂಟನೇ ತಲೆಮಾರಿಗೆ ಒಂದೆರಡು ಸಾವಿರ ಹೆಚ್ಚು ಕೇಳಿದರೆ ಕೊಡಬೇಕೆಂಬುದು ನನ್ನ ಅಭಿಪ್ರಾಯ. ವಿಂಡೋಸ್ 11ರ ಬಾಗಿಲೂ ತೆರೆಯುತ್ತದೆ, ಶಕ್ತಿಯೂ ಸಿಗುತ್ತದೆ.

ಹೆಸರುಗಳ ವಿಷಯದಲ್ಲಿ ಗೊಂದಲವೇನಿಲ್ಲ. ಡೆಲ್‌ನ ಆಪ್ಟಿಪ್ಲೆಕ್ಸ್, ಎಚ್‌ಪಿಯ ಪ್ರೊಡೆಸ್ಕ್ ಮತ್ತು ಎಲೀಟ್‌ಡೆಸ್ಕ್, ಲೆನೊವೊದ ಥಿಂಕ್‌ಸೆಂಟರ್. ಆಫೀಸು ಮಾಲ್ ಅಂದರೆ ಬಹುಪಾಲು ಈ ಮೂರೇ ಮನೆತನ. (ಒಂದು ಕಾಲಕ್ಕೆ ವಿಪ್ರೊ ಪೆಟ್ಟಿಗೆಗಳೂ ಇದ್ದವು. ಆ ಕಂಪನಿ 2013ರಲ್ಲಿ ಪಿಸಿ ತಯಾರಿಕೆ ನಿಲ್ಲಿಸಿತು.) ಆಪ್ಟಿಪ್ಲೆಕ್ಸ್ 3060, 5060, 7060, ಎಚ್‌ಪಿಯಲ್ಲಿ 600, 800 ಸರಣಿಯ ಜಿ4, ಲೆನೊವೊದಲ್ಲಿ ಎಂ720, ಎಂ920 ಎಂದರೆ ಎಂಟನೇ ತಲೆಮಾರು. 3050, 7050, ಜಿ3, ಎಂ710, ಎಂ910 ಎಂದರೆ ಆರೋ ಏಳೋ.

ಗಾತ್ರದಲ್ಲೂ ಮೂರು ಬಗೆ. ದೊಡ್ಡ ಟವರ್, ಮಲಗಿಸಿಡಬಹುದಾದ ಎಸ್‌ಎಫ್‌ಎಫ್, ಪುಸ್ತಕದಷ್ಟೇ ಇರುವ ಮೈಕ್ರೊ ಅಥವಾ ಟೈನಿ. ಟೈನಿ ಚೆಂದ, ಜಾಗ ಉಳಿಯುತ್ತದೆ, ಮಾನಿಟರ್ ಹಿಂದೆಯೇ ಸಿಕ್ಕಿಸಬಹುದು. ಆದರೆ ಅದರೊಳಗಿರುವುದು ಲ್ಯಾಪ್‌ಟಾಪಿನ ರ‍್ಯಾಮ್, ಹೊರಗಡೆ ಒಂದು ಅಡಾಪ್ಟರ್. ಅಡಾಪ್ಟರ್ ಅದೇ ಕಂಪನಿಯದ್ದಲ್ಲದಿದ್ದರೆ ಡೆಲ್ ಯಂತ್ರ ಗುರುತಿಸದೆ ಎಚ್ಚರಿಕೆ ಕೊಡುತ್ತದೆ, ವೇಗ ತಗ್ಗಿಸಿಕೊಳ್ಳುತ್ತದೆ. ಮನೆಯಲ್ಲಿ ಓದುವ ಮಕ್ಕಳಿಗೆ ಟೈನಿ ಸರಿ. ಅಂಗಡಿ, ವರ್ಕ್‌ಶಾಪಿಗೆ ಎಸ್‌ಎಫ್‌ಎಫ್ ವಾಸಿ. ಸ್ಕೂಟರಿನ ಮುಂದೆ ಕಾಲಿಡುವ ಜಾಗದಲ್ಲಿ ಇಟ್ಟುಕೊಂಡು ಹೋಗಬಹುದು, ಮುಚ್ಚಳ ಸ್ಕ್ರೂಡ್ರೈವರ್ ಇಲ್ಲದೆ ತೆರೆಯುತ್ತದೆ, ಒಳಗೆ ಕೈಯಾಡಿಸಲು ಜಾಗ ಇರುತ್ತದೆ.

ರ‍್ಯಾಮ್ ವಿಷಯದಲ್ಲಿ ಮಾತ್ರ ಕಾಲ ಕೆಟ್ಟಿದೆ. 2025ರ ಕೊನೆಯಿಂದ ಜಗತ್ತಿನ ಮೆಮೊರಿ ಕಾರ್ಖಾನೆಗಳು ಎಐ ಡೇಟಾ ಸೆಂಟರ್‌ಗಳ ಕಡೆ ಮುಖ ಮಾಡಿವೆ. ಡಿಡಿಆರ್4 ಸೇರಿದಂತೆ ಎಲ್ಲ ಬಗೆಯ ರ‍್ಯಾಮ್ ಬೆಲೆ ಏರಿದೆ. ಆಮೇಲೆ ಹಾಕಿಸಿಕೊಂಡರಾಯಿತು ಎಂದು 4 ಜಿಬಿಯ ಪೆಟ್ಟಿಗೆ ತರುವುದು ಈಗ ಜಾಣತನವಲ್ಲ. 8 ಜಿಬಿ ಇದ್ದದ್ದನ್ನೇ, ಸಾಧ್ಯವಾದರೆ 16 ಇದ್ದದ್ದನ್ನೇ ಹಿಡಿಯಿರಿ. ಅಂಗಡಿಯಲ್ಲೇ ಬೂಟ್ ಮಾಡಿ, ಬಯಾಸ್‌ನಲ್ಲಿ ಕಾಣುವ ಅಂಕಿ ನೋಡಿ ದುಡ್ಡು ಎಣಿಸಿ.

ಗ್ಯಾರಂಟಿ ಕೇಳಿದರೆ “ಟೆಸ್ಟಿಂಗ್ ವಾರಂಟಿ ಸಾರ್, ಒಂದು ವಾರ” ಎಂಬ ಉತ್ತರ ಸಾಮಾನ್ಯ. ಮಾತಿನಲ್ಲಿ ತಿಂಗಳವರೆಗೂ ಎಳೆಯಬಹುದು. ಜಿಎಸ್‌ಟಿ ಬಿಲ್ ಕೇಳಿದೊಡನೆ ಬೆಲೆ ಮೇಲೇರುತ್ತದೆ, ಆದರೂ ಕೇಳಬೇಕು. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳುವುದಕ್ಕೆ ಇನ್ನೊಂದು ಕಾರಣವಿದೆ, ಅದು ಮುಂದೆ ಬರುತ್ತದೆ.

ಮುಚ್ಚಳ ತೆರೆದಾಗ

ಯಂತ್ರಕ್ಕೆ ತನ್ನದೇ ವಯಸ್ಸು ಇಲ್ಲವೆಂದಲ್ಲ. ಅದು ಕಾಣುವುದು ಮುಚ್ಚಳದ ಕೆಳಗೆ. ಮೊದಲು ಮೂಗಿಗೆ ಕೆಲಸ ಕೊಡಿ: ಸುಟ್ಟ ವಾಸನೆ, ಸಿಗರೇಟಿನ ವಾಸನೆ, ಫಿನಾಯಿಲ್ ವಾಸನೆ ಒಂದೊಂದೂ ಒಂದೊಂದು ಕತೆ ಹೇಳುತ್ತದೆ. ಮದರ್‌ಬೋರ್ಡ್ ಮೇಲಿನ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು, ಉಬ್ಬಿರಬಾರದು. ಸ್ಕ್ರೂಗಳ ಸುತ್ತ ಹಸಿರು ತುಕ್ಕು ಕಂಡರೆ ನೀರು ಕುಡಿದದ್ದು ಎಂದು ಅರ್ಥ. ಬೆಳ್ಳಂದೂರು ಕಡೆಯ ಬೇಸ್‌ಮೆಂಟ್‌ಗಳಿಗೆ ಮಳೆ ನೀರು ನುಗ್ಗಿದ 2022ರ ಸೆಪ್ಟೆಂಬರ್ ಯಾರೂ ಮರೆತಿಲ್ಲ. ಫ್ಯಾನನ್ನು ಬೆರಳಿನಿಂದ ತಿರುಗಿಸಿ, ಕರಕರ ಎನ್ನದೆ ಸುತ್ತಬೇಕು. ಧೂಳು ಇದ್ದರೆ ಹೆದರಬೇಡಿ, ಧೂಳು ಬ್ರಷ್‌ಗೆ ಹೋಗುತ್ತದೆ. ತೀರಾ ಸ್ವಚ್ಛವಾಗಿ ಒರೆಸಿ, ಹೊಸ ಸ್ಟಿಕರ್ ಅಂಟಿಸಿದ್ದನ್ನೇ ನಾನು ಹೆಚ್ಚು ಅನುಮಾನದಿಂದ ನೋಡುತ್ತೇನೆ.

ಡೆಲ್ ಆದರೆ ಹಿಂದುಗಡೆ ಏಳು ಅಕ್ಷರದ ಸರ್ವಿಸ್ ಟ್ಯಾಗ್ ಇರುತ್ತದೆ. ಫೋನಿನಲ್ಲೇ ಡೆಲ್ ತಾಣಕ್ಕೆ ಹೋಗಿ ಅದನ್ನು ಹಾಕಿದರೆ ಯಂತ್ರ ಕಾರ್ಖಾನೆಯಿಂದ ಹೊರಟ ದಿನ, ಆಗ ಯಾವ ಪ್ರೊಸೆಸರ್, ಎಷ್ಟು ರ‍್ಯಾಮ್ ಇತ್ತು ಎಂಬುದೆಲ್ಲ ಸಿಗುತ್ತದೆ. ಬಯಾಸ್ ಪರದೆಯಲ್ಲಿ ತೋರಿಸುವ ಟ್ಯಾಗೂ ಡಬ್ಬದ ಮೇಲಿನದೂ ಒಂದೇ ಇರಬೇಕು. ಇಲ್ಲದಿದ್ದರೆ ಒಂದರ ಡಬ್ಬಕ್ಕೆ ಇನ್ನೊಂದರ ಬೋರ್ಡ್ ಕೂರಿಸಿದ್ದಾರೆ. ಅದೇನು ಮಹಾಪರಾಧವಲ್ಲ, ಆದರೆ ಬೆಲೆ ಇಳಿಸಲು ಒಳ್ಳೆಯ ಆಧಾರ.

ಹಾರ್ಡ್ ಡಿಸ್ಕ್ ಇದ್ದರೂ ಬೇಡ ಅನ್ನಿ. ದೊಡ್ಡ ಕಂಪನಿಗಳು ಡಿಸ್ಕನ್ನು ಕಿತ್ತು ಪುಡಿ ಮಾಡಿಸಿಯೇ ಪೆಟ್ಟಿಗೆ ಬಿಡುವುದು ಹೆಚ್ಚು. ಗ್ರಾಹಕರ ಮಾಹಿತಿ ಹೊರಬಿದ್ದರೆ ಹೊಣೆ ಹೊರಲು ಯಾರಿಗೆ ಬೇಕು. ಹಾಗಾಗಿ ಅಂಗಡಿಯವರು ಹಾಕಿಕೊಡುವ ಡಿಸ್ಕ್ ಇನ್ನೆಲ್ಲಿಂದಲೋ ಬಂದದ್ದು. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಅದು ಓಡಿದ ಗಂಟೆಗಳು ಕಾಣುತ್ತವೆ. 40,000 ಗಂಟೆ ಎಂದು ತೋರಿಸಿದರೆ ಅದು ಹಗಲು ರಾತ್ರಿ ನಾಲ್ಕೂವರೆ ವರ್ಷ ಸುತ್ತಿದೆ, ಬಹುಶಃ ಯಾವುದೋ ಸಿಸಿಟಿವಿ ಪೆಟ್ಟಿಗೆಯೊಳಗೆ. ಹೊಸದೊಂದು 256 ಜಿಬಿ ಎಸ್‌ಎಸ್‌ಡಿ ಹಾಕಿ. ಇಡೀ ವ್ಯವಹಾರದಲ್ಲಿ ಹೊಸದಾಗಿ ಕೊಳ್ಳಲೇಬೇಕಾದ ವಸ್ತು ಅದೊಂದೇ, ಜೊತೆಗೆ ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ. ಪ್ರತಿ ಬೆಳಗ್ಗೆ ತಾರೀಕು ತಪ್ಪಿ ತೋರಿಸಿ, ಎಫ್1 ಒತ್ತಿ ಎಂದು ಯಂತ್ರ ಹಟ ಹಿಡಿದರೆ ಕಾರಣ ಆ ಬ್ಯಾಟರಿಯೇ. ಎಷ್ಟೋ ಜನ ಇದಕ್ಕೆ ಮದರ್‌ಬೋರ್ಡ್ ಹೋಯಿತೆಂದು ಯಂತ್ರವನ್ನೇ ಮಾರಿಬಿಟ್ಟಿದ್ದಾರೆ.

ಈಗ ಐಟಿ ಊರಿನದೇ ಆದ ಒಂದು ತೊಡಕು. ಫಾರ್ಮ್ಯಾಟ್ ಮಾಡಿ, ಹೊಸ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಕೂರಿಸಿ, ಇಂಟರ್ನೆಟ್ ಕೊಟ್ಟ ಕೂಡಲೇ ಪರದೆಯ ಮೇಲೆ ಯಾವುದೋ ಕಂಪನಿಯ ಲೋಗೊ ಮೂಡಿ ‘ನಿಮ್ಮ ಕಚೇರಿ ಇಮೇಲ್ ಹಾಕಿ’ ಎಂದು ಕೇಳಬಹುದು. ಡಿಸ್ಕ್ ಹೊಸದು, ವಿಂಡೋಸ್ ಹೊಸದು, ಆದರೂ ಹಳೆ ಯಜಮಾನ ಬಾಗಿಲಲ್ಲಿ ನಿಂತಿದ್ದಾನೆ. ಇದು ಮೈಕ್ರೊಸಾಫ್ಟ್‌ನ ಆಟೊಪೈಲಟ್ ವ್ಯವಸ್ಥೆ. ಯಂತ್ರದ ಗುರುತನ್ನು ಕಂಪನಿ ತನ್ನ ಖಾತೆಯಲ್ಲಿ ನೋಂದಾಯಿಸಿರುತ್ತದೆ. ವಿಲೇವಾರಿ ಮಾಡುವಾಗ ಅಳಿಸಲು ಮರೆತಿರುತ್ತದೆ. ಅಳಿಸಲು ಅಧಿಕಾರ ಇರುವುದು ಆ ಕಂಪನಿಗೆ. ಅಂಗಡಿಯವರು “ಇಂಟರ್ನೆಟ್ ಇಲ್ದೆ ಇನ್‌ಸ್ಟಾಲ್ ಮಾಡಿ ಸಾರ್, ಏನೂ ಆಗಲ್ಲ” ಎನ್ನುತ್ತಾರೆ. ಮುಂದಿನ ಸಲ ಫಾರ್ಮ್ಯಾಟ್ ಮಾಡಿದಾಗ ಅದೇ ಲೋಗೊ ಮತ್ತೆ ಬರುತ್ತದೆ. ಅಂಗಡಿಯಲ್ಲೇ ಮೊಬೈಲ್‌ನಿಂದ ಇಂಟರ್ನೆಟ್ ಕೊಟ್ಟು, ವಿಂಡೋಸ್‌ನ ಮೊದಲ ಪರದೆಗಳನ್ನು ದಾಟಿಸಿ ನೋಡುವುದೇ ಪರೀಕ್ಷೆ. ಬಯಾಸ್‌ಗೆ ಪಾಸ್‌ವರ್ಡ್ ಇದೆಯೇ ಎಂದೂ ಆಗಲೇ ನೋಡಿಬಿಡಿ: ಡೆಲ್‌ಗೆ ಎಫ್2, ಎಚ್‌ಪಿಗೆ ಎಫ್10, ಲೆನೊವೊಗೆ ಎಫ್1. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬೇಕು ಎಂದೆನಲ್ಲ, ಇಂಥ ಯಂತ್ರ ವಾಪಸ್ ಕೊಡಲು ಹೋದಾಗ ‘ಇದು ನಮ್ಮ ಅಂಗಡಿದೇ ಅಲ್ಲ’ ಎಂಬ ಮಾತು ಬಾರದಿರಲಿ ಎಂದು.

ಹಳೆ ಯಜಮಾನ ಬಿಟ್ಟುಹೋದ ಒಂದು ಉಪಕಾರವೂ ಇದೆ. ಈ ಆಫೀಸು ಪೆಟ್ಟಿಗೆಗಳಲ್ಲಿ ಬಹಳಷ್ಟು ವಿಂಡೋಸ್ ಪ್ರೊ ಪರವಾನಗಿಯೊಂದಿಗೇ ಕಾರ್ಖಾನೆಯಿಂದ ಬಂದಿರುತ್ತವೆ, ಅದರ ಕೀಲಿ ಮದರ್‌ಬೋರ್ಡಿನ ಚಿಪ್‌ನಲ್ಲೇ ಬರೆದಿರುತ್ತದೆ. ವಿಂಡೋಸ್ 10ರ ಕೀಲಿ ಇದ್ದ ಯಂತ್ರಕ್ಕೆ ಮೈಕ್ರೊಸಾಫ್ಟ್ ತಾಣದಿಂದ ಇಳಿಸಿದ ಶುದ್ಧ ವಿಂಡೋಸ್ 11 ಪ್ರೊ ಕೂರಿಸಿದರೆ ತಾನೇ ಆಕ್ಟಿವೇಟ್ ಆಗುತ್ತದೆ. ಅಂಗಡಿಯವರು ಪೆನ್‌ಡ್ರೈವ್‌ನಿಂದ ಹಾಕಿಕೊಡುವ ‘ಫುಲ್ ಲೋಡೆಡ್’ ವಿಂಡೋಸ್‌ನ ಹಂಗೇ ಬೇಕಿಲ್ಲ. ಅದರೊಳಗೆ ಏನೇನು ಸೇರಿಕೊಂಡಿದೆಯೋ ಬಲ್ಲವರಾರು. ಅದೇ ಯಂತ್ರದಲ್ಲಿ ನಾಳೆ ನಿಮ್ಮ ಬ್ಯಾಂಕು, ಜಿಎಸ್‌ಟಿ, ಡಿಜಿಟಲ್ ಸಹಿ ಎಲ್ಲ ನಡೆಯಬೇಕು.

ಪೀಣ್ಯಕ್ಕೆ ಬೇಕಾದದ್ದು

ವೈಟ್‌ಫೀಲ್ಡ್‌ಗೆ ಬೇಡವಾದ ಒಂದು ಸಣ್ಣ ತೂತು ಕಾರ್ಖಾನೆಗಳ ಪೀಣ್ಯದಲ್ಲಿ ಬಂಗಾರ. ಡಬ್ಬದ ಹಿಂದೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟ್, ಅಂದರೆ ಆರ್‌ಎಸ್-232. ಮನೆಬಳಕೆಯ ಕಂಪ್ಯೂಟರುಗಳಿಂದ ಅದು ಮಾಯವಾಗಿ ಎಷ್ಟೋ ವರ್ಷವಾಯಿತು. ಆಫೀಸು ಪೆಟ್ಟಿಗೆಗಳಲ್ಲಿ, ಅದರಲ್ಲೂ ಆಪ್ಟಿಪ್ಲೆಕ್ಸ್ 7050ರಂಥ ಮೇಲ್ದರ್ಜೆಯವುಗಳಲ್ಲಿ ಇನ್ನೂ ಇದೆ. ಐಟಿ ಕಂಪನಿಯಲ್ಲಿ ಅದಕ್ಕೆ ಯಾರೂ ಒಂದು ಕೇಬಲ್ ಕೂಡ ಸಿಕ್ಕಿಸಿರುವುದಿಲ್ಲ, ಹೊಚ್ಚ ಹೊಸದಾಗಿಯೇ ಇರುತ್ತದೆ.

ಪೀಣ್ಯದ ಜಾಬ್ ವರ್ಕ್ ಶೆಡ್ಡುಗಳಲ್ಲಿ ಇಪ್ಪತ್ತು ವರ್ಷ ಹಿಂದಿನ ಸಿಎನ್‌ಸಿ ಲೇತ್, ವಿಎಂಸಿಗಳು ಇನ್ನೂ ದುಡಿಯುತ್ತಿವೆ. ಅವುಗಳ ಫ್ಯಾನಕ್ ಕಂಟ್ರೋಲ್‌ಗೆ ಪ್ರೋಗ್ರಾಂ ಕಳಿಸಬೇಕಾದರೆ ಬಹಳ ಕಡೆ ಸೀರಿಯಲ್ ಕೇಬಲ್ಲೇ ದಾರಿ. ಯುಎಸ್‌ಬಿಯಿಂದ ಸೀರಿಯಲ್‌ಗೆ ಬದಲಿಸುವ ಅಗ್ಗದ ಕನ್ವರ್ಟರ್‌ಗಳಿವೆ, ಆದರೆ ಅವುಗಳಲ್ಲಿ ಪ್ರೊಲಿಫಿಕ್ ಕಂಪನಿಯ ಹಳೆಯ ಅಥವಾ ನಕಲಿ ಚಿಪ್ ಇರುವುದು ಹೆಚ್ಚು. ಹೊಸ ವಿಂಡೋಸ್‌ನಲ್ಲಿ ಸಿಕ್ಕಿಸಿದರೆ ಡಿವೈಸ್ ಮ್ಯಾನೇಜರ್‌ನಲ್ಲಿ ‘2012ರಿಂದ ನಿಲ್ಲಿಸಲಾಗಿದೆ’ ಎಂಬ ಬರಹದೊಂದಿಗೆ ಹಳದಿ ತ್ರಿಕೋನ ಕಾಣುತ್ತದೆ, ಕೆಲಸ ಬಂದ್. ಓಡಿದರೂ ಉದ್ದದ ಪ್ರೋಗ್ರಾಂ ಮಧ್ಯೆ ಒಂದು ಅಕ್ಷರ ತಪ್ಪಿದರೆ ಏನಾದೀತು ಎಂದು ಟರ್ನರ್‌ಗಳನ್ನು ಕೇಳಿ ನೋಡಿ.

ಪೀಣ್ಯ ಎರಡನೇ ಹಂತದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟಿರುವ ಪರಿಚಿತರೊಬ್ಬರಿಗೆ ಇಂಥದ್ದೇ ಒಂದು 7050 ಕೂರಿಸುವಾಗ ನಾನು ಜೊತೆಗಿದ್ದೆ. ಅಂಗಡಿಯಿಂದ ಬಂದ ಪೆಟ್ಟಿಗೆಯಲ್ಲಿ ಎಸ್‌ಎಸ್‌ಡಿ ಹಿಡಿದುಕೊಳ್ಳುವ ಪ್ಲಾಸ್ಟಿಕ್ ತಟ್ಟೆಯೂ ಇಲ್ಲ, ಎಂ.2 ಜಾಗದ ಪುಟ್ಟ ಸ್ಕ್ರೂವೂ ಇಲ್ಲ. ಕೈ ದಾಟುವಾಗ ಕಳಚಿಕೊಂಡವು. ವರ್ಕ್‌ಶಾಪಿನವರಿಗೆ ಸ್ಕ್ರೂ ಒಂದು ಸಮಸ್ಯೆಯೇ? ಹುಡುಗನೊಬ್ಬ ಅಳತೆ ನೋಡಿ ಡಬ್ಬಿಯಿಂದ ಒಂದನ್ನು ಹೆಕ್ಕಿ ತಂದ. “ಅಣ್ಣ, ಥ್ರೆಡ್ ಕೂತ್ಕೊಂತು, ಜಾಸ್ತಿ ಬಿಗಿ ಮಾಡ್ಬೇಡಿ” ಎಂದು ಮಾಲೀಕರಿಗೇ ಹೇಳಿ ಲೇತ್ ಕಡೆ ಹೋದ. ವಿಂಡೋಸ್ ಕೂರಿಸುವ ಮುಂಚೆ ಬಯಾಸ್‌ನಲ್ಲಿ ಎರಡು ಬದಲಾವಣೆ ಬೇಕಾಯಿತು. ಡೆಲ್‌ನವರು ಡಿಸ್ಕ್ ಆಯ್ಕೆಯನ್ನು ‘ರೈಡ್ ಆನ್’ ಎಂದಿಟ್ಟು ಕಳಿಸುವುದು ವಾಡಿಕೆ. ಅದನ್ನು ಎಎಚ್‌ಸಿಐಗೆ ತಿರುಗಿಸಬೇಕು. ಇನ್‌ಸ್ಟಾಲ್ ಆದ ಮೇಲೆ ತಿರುಗಿಸಿದರೆ ವಿಂಡೋಸ್ ಏಳುವುದೇ ಇಲ್ಲ, ತಿರುಗಿಸದೆ ಬಿಟ್ಟರೆ ಲಿನಕ್ಸ್‌ಗೆ ಎಷ್ಟೋ ಸಲ ಡಿಸ್ಕೇ ಕಾಣುವುದಿಲ್ಲ. ಇನ್ನೊಂದು, ಸೀರಿಯಲ್ ಪೋರ್ಟ್ ಆಫ್ ಆಗಿತ್ತು. ಕಾಮ್1 ಎಂದು ಆನ್ ಮಾಡಿದೆವು.

ಕೇಬಲ್ ಸಿಕ್ಕಿಸುವ ಮೊದಲು ಮಾಲೀಕರು ಕಂಪ್ಯೂಟರ್, ಲೇತ್ ಎರಡನ್ನೂ ಬಂದ್ ಮಾಡಿಸಿದರು. ಎರಡರ ಅರ್ಥಿಂಗ್‌ನಲ್ಲಿ ವ್ಯತ್ಯಾಸವಿದ್ದರೆ ಚಾಲೂ ಇರುವಾಗ ಸಿಕ್ಕಿಸಿದ ಕ್ಷಣದಲ್ಲೇ ಪೋರ್ಟ್ ಸುಡಬಹುದು, ಒಮ್ಮೊಮ್ಮೆ ಕಂಟ್ರೋಲ್‌ನ ಬೋರ್ಡೇ ಹೋಗಬಹುದು. ಹತ್ತು ಸಾವಿರದ ಕಂಪ್ಯೂಟರ್ ಜೋಡಿಸಲು ಹೋಗಿ ಲಕ್ಷದ ಬೋರ್ಡ್ ಕಳೆದುಕೊಳ್ಳುವುದು ಯಾರಿಗೆ ಬೇಕು. ಆಮೇಲೆ ಎರಡೂ ಕಡೆ ಒಂದೇ ಲೆಕ್ಕ ಹೊಂದಿಸಬೇಕು: ವೇಗ 9600, ಏಳು ಬಿಟ್, ಈವನ್ ಪ್ಯಾರಿಟಿ, ಎರಡು ಸ್ಟಾಪ್ ಬಿಟ್. ಒಂದು ತಪ್ಪಿದರೂ ಕಂಟ್ರೋಲ್‌ನಲ್ಲಿ ಅಲಾರಂ. ಪ್ರೋಗ್ರಾಂ ಫೈಲಿನ ಮೊದಲ ಸಾಲಿನಲ್ಲಿ ಶೇಕಡಾ ಚಿಹ್ನೆ ಇರಬೇಕು, ಕೊನೆಯಲ್ಲೂ ಅದೇ. ಮೊದಲು ಲೇತ್‌ನವರು ರೀಡ್ ಒತ್ತಿ ಕಾಯಬೇಕು, ನಂತರ ಕಂಪ್ಯೂಟರಿನವರು ಸೆಂಡ್ ಒತ್ತಬೇಕು. ಸಾಲುಗಳು ಒಂದರ ಹಿಂದೊಂದು ಇಳಿಯತೊಡಗಿದಾಗ ಮಾಲೀಕರು ಹೇಳಿದ್ದು ಇಷ್ಟೇ: “ಇನ್ನೊಂದು ಮಷೀನ್‌ಗೂ ಇದೇ ಥರದ್ದು ಬೇಕಲ್ಲ ಸಾರ್.”

ವರ್ಕ್‌ಶಾಪಿನಲ್ಲಿ ಇಡುವ ಜಾಗದ ಬಗ್ಗೆಯೂ ಒಂದು ಮಾತು. ಎಸಿ ಕೋಣೆಯಲ್ಲಿ ಬೆಳೆದ ಯಂತ್ರಕ್ಕೆ ಪೀಣ್ಯದ ಗಾಳಿ ಹೊಸತು. ಕೂಲೆಂಟ್‌ನ ಮಂಜು, ಗ್ರೈಂಡಿಂಗ್‌ನ ಕಬ್ಬಿಣದ ಪುಡಿ ಫ್ಯಾನ್ ಮೂಲಕ ಒಳಗೆ ಹೋಗಿ ಬೋರ್ಡಿನ ಮೇಲೆ ಕೂರುತ್ತವೆ. ಕಬ್ಬಿಣದ ಪುಡಿ ವಿದ್ಯುತ್ ಹರಿಸುತ್ತದೆ ಎಂಬುದನ್ನು ಹೇಳಬೇಕಿಲ್ಲ. ನೆಲದ ಮೇಲಿಡಬೇಡಿ, ಗಾಜಿನ ಕ್ಯಾಬಿನ್ನಿನೊಳಗೆ ಇಡಿ, ಕೇಬಲ್ ಮಾತ್ರ ಹೊರಗೆ ಬರಲಿ. 600 ವಿಎ ಯುಪಿಎಸ್ ಒಂದು ಸಾಕು. ಎಸ್‌ಎಫ್‌ಎಫ್ ಸುಮ್ಮನೆ ಇದ್ದಾಗ ಎಳೆಯುವುದು ಸುಮಾರು 20 ವ್ಯಾಟ್. ಬೆಸ್ಕಾಂನವರು ಕರೆಂಟ್ ತೆಗೆದಾಗ ಫೈಲ್ ಉಳಿಸಿ ಬಂದ್ ಮಾಡಲು ಬೇಕಾದಷ್ಟು ಸಮಯ ಸಿಗುತ್ತದೆ.

ವಿಂಡೋಸ್ ಬೇಕೋ ಬೇಡವೋ

ಟ್ಯಾಲಿ, ಆಟೊಕ್ಯಾಡ್ ಓಡಿಸುವವರಿಗೆ ವಿಂಡೋಸ್ ತಪ್ಪಿದ್ದಲ್ಲ. ಟ್ಯಾಲಿ ನಮ್ಮ ಬೆಂಗಳೂರಿನದೇ ಕೂಸಾದರೂ ಈಗ ಓಡುವುದು ವಿಂಡೋಸ್‌ನಲ್ಲೇ. ಅವರು ಎಂಟನೇ ತಲೆಮಾರಿಗಿಂತ ಕೆಳಗೆ ಹೋಗದಿರುವುದು ಒಳ್ಳೆಯದು. ಆರು, ಏಳನೇ ತಲೆಮಾರಿನ ಮೇಲೂ ವಿಂಡೋಸ್ 11 ಕೂರಿಸುವ ಅಡ್ಡದಾರಿಗಳಿವೆ. ಮನೆಯಲ್ಲಿ ಪ್ರಯೋಗಕ್ಕೆ ಮಾಡಿ, ಲೆಕ್ಕಪತ್ರದ ಯಂತ್ರಕ್ಕೆ ಬೇಡ. ಮುಂದಿನ ಅಪ್‌ಡೇಟ್ ಬರುತ್ತದೆಂಬ ಭರವಸೆ ಮೈಕ್ರೊಸಾಫ್ಟ್ ಕೊಟ್ಟಿಲ್ಲ.

ಮಕ್ಕಳ ಓದು, ಬ್ರೌಸರ್, ಪತ್ರ ವ್ಯವಹಾರಕ್ಕಾದರೆ ಅಗ್ಗಕ್ಕೆ ಸಿಗುವ ಆರನೇ ತಲೆಮಾರಿನ ಪೆಟ್ಟಿಗೆಗೆ ಲಿನಕ್ಸ್ ಮಿಂಟ್ ಅಥವಾ ಉಬುಂಟು ಹಾಕಿ. 8 ಜಿಬಿ ರ‍್ಯಾಮ್‌ನಲ್ಲಿ ಅದು ಹಗುರವಾಗಿ ಓಡುತ್ತದೆ. ಕನ್ನಡ ಟೈಪಿಂಗ್‌ಗೆ ಕಷ್ಟವಾದೀತೆಂಬ ಅಳುಕು ಬೇಡ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನುಡಿ ತಂತ್ರಾಂಶ ಬಳಸುವವರೆಲ್ಲರ ಬೆರಳಿಗೆ ರೂಢಿಯಾದ ಕೀಲಿಮಣೆ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲೇ ‘ಕಗಪ’ ಎಂಬ ಹೆಸರಿನಲ್ಲಿದೆ. ಕನ್ನಡ ಗಣಕ ಪರಿಷತ್ತಿನ ಹೆಸರು ಅಲ್ಲಿಯವರೆಗೆ ಹೋಗಿ ಕೂತಿದೆ. ಏನನ್ನೂ ಇಳಿಸಿಕೊಳ್ಳಬೇಕಿಲ್ಲ, ಆರಿಸಿಕೊಂಡರೆ ಸಾಕು. ವಿಂಡೋಸ್‌ನಲ್ಲಿ 2019ರಿಂದ ಫೊನೆಟಿಕ್ ಕೀಲಿಮಣೆ ಸೇರಿದೆ, ಆದರೆ ನುಡಿಗೆ ಒಗ್ಗಿದವರಿಗೆ ಅದು ಸರಿಹೋಗದು. ಅವರು ನುಡಿಯನ್ನೇ ಹಾಕಿಕೊಳ್ಳಬೇಕು. ಹಳೆಯ ನುಡಿ ಫಾಂಟ್‌ನಲ್ಲಿರುವ ಕಡತಗಳಿದ್ದರೆ ಹೊಸ ಯಂತ್ರಕ್ಕೆ ಬಂದ ನೆವದಲ್ಲಾದರೂ ಯೂನಿಕೋಡ್‌ಗೆ ಪರಿವರ್ತಿಸಿಬಿಡಿ.

ಚಿಕ್ಕಪುಟ್ಟ ಜೋಡಣೆಗಳನ್ನು ಮನೆಗೆ ಬಂದ ಮೇಲೆ ಹುಡುಕಿದರೆ ಭಾನುವಾರವೆಲ್ಲ ಹಾಳು. ಬಹಳಷ್ಟು ಆಫೀಸು ಡೆಸ್ಕ್‌ಟಾಪ್‌ನಲ್ಲಿ ವೈಫೈ ಇರುವುದಿಲ್ಲ, ಯುಎಸ್‌ಬಿ ಡಾಂಗಲ್ ಬೇಕು. ಹಿಂದೆ ಎಚ್‌ಡಿಎಂಐ ಬದಲು ಡಿಸ್‌ಪ್ಲೇ ಪೋರ್ಟ್ ಮಾತ್ರ ಇರಬಹುದು, ಅದಕ್ಕೊಂದು ಕೇಬಲ್. ವೆಬ್‌ಕ್ಯಾಮ್, ಮೈಕ್ ಎಂಬ ಮಾತೇ ಇಲ್ಲ. ಇವನ್ನೆಲ್ಲ ಅದೇ ರಸ್ತೆಯಲ್ಲಿ ಅದೇ ದಿನ ಕೊಂಡುಬಿಡಿ.

ಕಂಪನಿಗಳಿಗೆ ಹಳೆ ಪೆಟ್ಟಿಗೆಗಳನ್ನು ಮಾರುವ ಬದಲು ಶಾಲೆಗಳಿಗೆ ಕೊಡುವ ದಾರಿಯೂ ಇದೆ. ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಯೋಜನೆಯಲ್ಲಿ ಸುಂಕವಿಲ್ಲದೆ ತರಿಸಿಕೊಂಡ ಕಂಪ್ಯೂಟರ್‌ಗಳನ್ನು ಎರಡು ವರ್ಷದ ಬಳಕೆಯ ನಂತರ ಲಾಭದ ಉದ್ದೇಶವಿಲ್ಲದ ಶಿಕ್ಷಣ ಸಂಸ್ಥೆಗಳಿಗೆ ಸುಂಕ ಕಟ್ಟದೆ ದಾನ ಮಾಡಲು ಅವಕಾಶವಿದೆ. ಒಳ್ಳೆಯದೇ. ಆದರೆ ಹತ್ತು ಪೆಟ್ಟಿಗೆ ಇಳಿಸಿ, ಫೋಟೊ ಹೊಡೆದು ಹೋಗುವವರು ಯುಪಿಎಸ್‌ಗೂ ವರ್ಷಕ್ಕೊಮ್ಮೆ ಬಂದು ನೋಡುವ ಒಬ್ಬ ಮನುಷ್ಯನಿಗೂ ದುಡ್ಡು ಇಡುವುದಿಲ್ಲ. ಆನೇಕಲ್, ಹೊಸಕೋಟೆ ಕಡೆಯ ಶಾಲೆಗಳ ಮೇಷ್ಟ್ರುಗಳಿಗೆ ಯಂತ್ರಕ್ಕಿಂತ ಆ ಮನುಷ್ಯನ ಅಗತ್ಯ ಹೆಚ್ಚು.

ಕೊನೆಗೊಂದು ದಿನ ಇವೂ ನಿಜಕ್ಕೂ ಸಾಯುತ್ತವೆ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪ್ರಕಾರ ಕಂಪನಿಗಳಂಥ ದೊಡ್ಡ ಬಳಕೆದಾರರು ತ್ಯಾಜ್ಯವನ್ನು ನೋಂದಾಯಿತ ಸಂಸ್ಥೆಗಳಿಗೇ ಒಪ್ಪಿಸಬೇಕು. ದುರಸ್ತಿ ಮಾಡಿ ಮರುಬಳಕೆಗೆ ತರುವವರಿಗೂ ಆ ನಿಯಮದಲ್ಲಿ ಪ್ರತ್ಯೇಕ ಸ್ಥಾನವಿದೆ. ಪೀಣ್ಯದಿಂದ ತುಮಕೂರು ರಸ್ತೆಯಲ್ಲೇ ಮುಂದೆ ಹೋದರೆ ದಾಬಸ್‌ಪೇಟೆಯಲ್ಲಿ ಇ-ಪರಿಸರ ಇದೆ, 2005ರಲ್ಲಿ ಶುರುವಾದ, ದೇಶದಲ್ಲಿ ಸರ್ಕಾರದ ಮಾನ್ಯತೆ ಪಡೆದ ಮೊದಲ ಇ-ತ್ಯಾಜ್ಯ ಮರುಸಂಸ್ಕರಣಾ ಘಟಕ. ಗುಜರಿಯವನ ಸೈಕಲ್ಲಿಗೆ ಹಾಕಿದರೆ ಬೋರ್ಡುಗಳು ಯಾವುದೋ ಗಲ್ಲಿಯಲ್ಲಿ ಆಸಿಡ್‌ನಲ್ಲಿ ಮುಳುಗಿ ತಾಮ್ರವಾಗುತ್ತವೆ, ಉಳಿದದ್ದು ಚರಂಡಿಗೆ.

ಆದರೆ ಕೆಟ್ಟ ಕೂಡಲೇ ಅಷ್ಟು ದೂರ ಕಳಿಸುವ ಅಗತ್ಯ ಬೀಳುವುದು ಅಪರೂಪ. ಈ ಪೆಟ್ಟಿಗೆಗಳಲ್ಲಿ ಮೊದಲು ಕೈಕೊಡುವುದು ಸಾಮಾನ್ಯವಾಗಿ ಪವರ್ ಸಪ್ಲೈ. ಅಲ್ಲೊಂದು ಸಿಕ್ಕು: ಡೆಲ್, ಎಚ್‌ಪಿ, ಲೆನೊವೊ ಮೂವರೂ ತಮ್ಮದೇ ಅಳತೆ, ತಮ್ಮದೇ ಪಿನ್ ಜೋಡಣೆ ಮಾಡಿಕೊಂಡಿದ್ದಾರೆ. ಅಂಗಡಿಯ ಸಾಮಾನ್ಯ ಎಸ್‌ಎಂಪಿಎಸ್ ಇವಕ್ಕೆ ಕೂರುವುದಿಲ್ಲ. ಮಾಲ್ ಲಾಟಿನಲ್ಲಿ ಬಂದಿರುವುದರಿಂದ ಅದೇ ಮಾದರಿಯ ಇನ್ನಷ್ಟು ಪೆಟ್ಟಿಗೆಗಳು ಅದೇ ರಸ್ತೆಯಲ್ಲಿ ಎಲ್ಲೋ ಇದ್ದೇ ಇರುತ್ತವೆ. ಸಪ್ಲೈ, ಫ್ಯಾನ್, ಡಿಸ್ಕಿನ ತಟ್ಟೆ ಎಲ್ಲ ಬಿಡಿಯಾಗಿ ಸಿಗುತ್ತವೆ. ಪೀಣ್ಯದ ಆ ಮಾಲೀಕರು ಎರಡನೇ ಲೇತ್‌ಗೆ ಇನ್ನೊಂದು 7050 ತಂದಾಗ, ಬೋರ್ಡ್ ಹೋದ ಮೂರನೆಯದೊಂದನ್ನು ಗುಜರಿ ಬೆಲೆಗೆ ಎತ್ತಿಕೊಂಡು ಬಂದು ಟೂಲ್ ರೂಮಿನ ಅಟ್ಟಕ್ಕೆ ಹಾಕಿದ್ದಾರೆ.